ನೆಲದ ಸಾಕ್ಷ್ಯ

ಮನೆ ಕಟ್ಟುವವರು ನೀರು, ಗಾಳಿ, ಬೆಳಕು, ದಾರಿ ಇವುಗಳ ಅನುಕೂಲವನ್ನು ನೋಡಿ ನಿವೇಶನವನ್ನು ಆರಿಸುವುದು ವಾಡಿಕೆ. ಆ ನೆಲ ಅಲ್ಲಿಗೆ ಹೇಗೆ ಬಂದಿತೆಂದು ವಿಚಾರಿಸುವವರು ವಿರಳ. ಬೆಟ್ಟದ ಬುಡದಲ್ಲಿ ಕಟ್ಟುವವರು ಈ ಪ್ರಶ್ನೆಯನ್ನು ಕೇಳಲೇಬೇಕು.

ಕಡಿದಾದ ಕಣಿವೆಯಿಂದ ಇಳಿಯುವ ತೊರೆಯು ಮಣ್ಣು, ಮರಳು, ಕಲ್ಲುಗುಂಡುಗಳನ್ನು ಹೊತ್ತು ತರುತ್ತದೆ. ಕಣಿವೆಯ ಬಾಯಿಯನ್ನು ದಾಟಿದೊಡನೆ ಇಳಿಜಾರು ತಗ್ಗಿ, ಹರಿವು ಹರಡಿ, ಅದರ ವೇಗ ಕುಂದುತ್ತದೆ. ಆಗ ತೊರೆಯು ತನ್ನ ಹೊರೆಯನ್ನು ಅಲ್ಲಿಯೇ ಇಳಿಸುತ್ತದೆ. ಒಂದು ಪಾತ್ರವು ಹೂಳಿನಿಂದ ತುಂಬಿದರೆ ಮಗ್ಗುಲಿಗೆ ಹೊರಳಿ ಇನ್ನೊಂದನ್ನು ಕೊರೆದುಕೊಳ್ಳುತ್ತದೆ. ಬಹುಕಾಲ ಹೀಗೆ ನಡೆದು, ಬಿಚ್ಚಿದ ಬೀಸಣಿಗೆಯಂತಹ ನೆಲವೊಂದು ರೂಪುಗೊಳ್ಳುತ್ತದೆ. ಇದಕ್ಕೆ ಮೆಕ್ಕಲು ಬೀಸಣಿಗೆ ಎಂದು ಹೆಸರು.

ದಕ್ಷಿಣ ಅಮೆರಿಕದ ವೆನೆಜುವೆಲಾ ದೇಶದ ಉತ್ತರ ತೀರದಲ್ಲಿ ಆವಿಲಾ ಪರ್ವತಗಳು ಕಡಲಂಚಿನಿಂದಲೇ 2,000 ಮೀಟರಿಗೂ ಮಿಕ್ಕಿ ಎದ್ದು ನಿಂತಿವೆ. ಅಲ್ಲಿ ಸಮನೆಲವೆಂದರೆ ಬಹುಮಟ್ಟಿಗೆ ಈ ಬೀಸಣಿಗೆಗಳೇ. ಆದುದರಿಂದ ಕರಬಯೇದಾ ಪಟ್ಟಣದ ಮನೆಗಳೂ ಬಹುಮಹಡಿ ಕಟ್ಟಡಗಳೂ ಅವುಗಳ ಮೇಲೆಯೇ ತಲೆಯೆತ್ತಿದವು. 1951ರಲ್ಲಿ ಆ ತೀರಕ್ಕೆ ಪ್ರವಾಹ ಬಂದಿತ್ತು. ಆದರೂ ಕಟ್ಟಡಗಳು ಹೆಚ್ಚುತ್ತಲೇ ಹೋದವು.

1999ರ ಡಿಸೆಂಬರ್ 14ರಿಂದ 16ರವರೆಗೆ ಅಲ್ಲಿ 900 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಮೊದಲೇ ನೆನೆದಿದ್ದ ಬೆಟ್ಟದ ಮಣ್ಣು ಸಾವಿರಾರು ಕಡೆ ಕುಸಿದು ತೊರೆಗಳನ್ನು ಸೇರಿತು. ಕೆಸರು ಬೆರೆತ ಹರಿವು ಬರಿಯ ನೀರಿಗಿಂತ ಬಹಳ ಭಾರವಾದುದು. ದೊಡ್ಡ ಬಂಡೆಗಳನ್ನೂ ಹೊತ್ತು ತರಬಲ್ಲುದು. ಅದರ ಹೊಡೆತಕ್ಕೆ ಮನೆಗಳು ಕೊಚ್ಚಿಹೋದವು. ಬಹುಮಹಡಿ ಕಟ್ಟಡಗಳೂ ಭಾಗಶಃ ಕುಸಿದವು. ಸಾವಿರಾರು ಜನರು ಮಡಿದರೆಂದು ಅಂದಾಜು.

ಬಳಿಕ ವಿಜ್ಞಾನಿಗಳು ಅಲ್ಲಿನ ನೆಲವನ್ನು ಪರೀಕ್ಷಿಸಿದಾಗ, ಅದಕ್ಕೂ ಹಿಂದಿನ ಕೆಸರು ಪ್ರವಾಹಗಳು ಬಿಟ್ಟುಹೋದ ಪದರಗಳು ಕಂಡುಬಂದವು. ಕೆಲವೆಡೆ ಅವು 1999ರ ಪದರಗಳಿಗಿಂತಲೂ ದಪ್ಪವಾಗಿದ್ದವು. ನೆಲ ತನ್ನ ಸಾಕ್ಷ್ಯವನ್ನು ಮೊದಲೇ ಇಟ್ಟುಕೊಂಡಿತ್ತು, ಕೇಳಿದವರು ಇರಲಿಲ್ಲ.

ಆ ಸಾಕ್ಷ್ಯವನ್ನು ಅರಿಯುವುದು ಹೇಗೆ? ನಿವೇಶನವು ಕಣಿವೆಯ ಬಾಯಿಗೆ ಎಷ್ಟು ಹತ್ತಿರವಿದೆಯೆಂದು ಮೊದಲು ನೋಡಬೇಕು. ಹತ್ತಿರವಾದಷ್ಟೂ ಹೊಡೆತ ಹೆಚ್ಚು. ಬಾವಿ ತೋಡಿದ ಗೋಡೆಯಲ್ಲಿ ಜಿನುಗು ಮಣ್ಣಿನೊಳಗೆ ದೊಡ್ಡ ಕಲ್ಲುಗಳು ಅಡ್ಡಾದಿಡ್ಡಿಯಾಗಿ ಹುದುಗಿದ್ದರೆ, ಹಿಂದೆ ಕೆಸರು ಪ್ರವಾಹ ಬಂದಿರಬಹುದೆಂದು ತಿಳಿಯಬೇಕು. ಒಣಗಿದ ಹಳೆಯ ಪಾತ್ರವನ್ನು ಸುರಕ್ಷಿತವೆಂದು ಭಾವಿಸಬಾರದು. ತೊರೆ ಮತ್ತೆ ಅತ್ತ ಹೊರಳಬಹುದು. ಮೇಲಿನ ಕಾಡು ಸುಟ್ಟಿದ್ದರೆ ಅಪಾಯ ಇಮ್ಮಡಿಸುತ್ತದೆ. ಊರಿನ ಹಿರಿಯರನ್ನು ವಿಚಾರಿಸಬೇಕು. ಆದರೆ ಅವರು ಕಂಡಿಲ್ಲವೆಂದ ಮಾತ್ರಕ್ಕೆ ನಿಶ್ಚಿಂತರಾಗಬಾರದು. ಇಂತಹ ಪ್ರವಾಹಗಳ ನಡುವೆ ಹಲವು ತಲೆಮಾರುಗಳು ಕಳೆದುಹೋಗಬಹುದು.

ಈಗಾಗಲೇ ನೆಲಸಿರುವವರೆಲ್ಲರೂ ಊರು ಬಿಡುವುದು ಸಾಧ್ಯವಿಲ್ಲ. ಅಂತಹ ಕಡೆ ತೊರೆಗೆ ಅಗಲವಾದ ದಾರಿಯನ್ನು ಬಿಡಬೇಕು. ಕಣಿವೆಯಲ್ಲಿ ಕಲ್ಲುಮಣ್ಣು ತಡೆಯುವ ಒಡ್ಡುಗಳನ್ನು ಕಟ್ಟಿ, ಹೂಳನ್ನು ಆಗಾಗ ತೆಗೆಯಬೇಕು. ಭಾರಿ ಮಳೆಯ ಮುನ್ಸೂಚನೆ ಬಂದೊಡನೆ ಜನರು ಎತ್ತರದ ಸುರಕ್ಷಿತ ತಾಣವನ್ನು ಸೇರಬೇಕು. ಹೊಸದಾಗಿ ಕಟ್ಟುವವರಾದರೋ ಅಡಿಗಲ್ಲು ಇಡುವ ಮೊದಲೇ ನೆಲದ ಮಾತನ್ನು ಕೇಳುವುದು ಲೇಸು.

ಅಭ್ಯಾಸ
1. ಮೆಕ್ಕಲು ಬೀಸಣಿಗೆಯು ಹೇಗೆ ರೂಪುಗೊಳ್ಳುತ್ತದೆ?
2. ಕೆಸರು ಪ್ರವಾಹವು ಬರಿಯ ನೀರಿನ ಪ್ರವಾಹಕ್ಕಿಂತ ಹೆಚ್ಚು ಅಪಾಯಕರ, ಏಕೆ?
3. ‘ಕೇಳಿದವರು ಇರಲಿಲ್ಲ’ ಎಂಬ ಮಾತನ್ನು ಸಂದರ್ಭದೊಡನೆ ವಿವರಿಸಿರಿ.