ವರ್ಷದ ಬೆಳೆಗೆ ತಿಂಗಳ ಕಂತು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟಿಗರ ಮನೆಗಳಿಗೆ ಹಣವು ಪ್ರತಿ ತಿಂಗಳ ಮೊದಲ ದಿನ ತಪ್ಪದೆ ಬರತಕ್ಕದ್ದಲ್ಲ; ಕೊನೆಕೊಯ್ಲು ಆರಂಭವಾಗಿ, ಹಸಿಯಡಿಕೆಯನ್ನು ಸುಲಿದು ತೊಗರಿನಲ್ಲಿ ಬೇಯಿಸಿ ಒಣಗಿಸಿದವರಿಗೆ ರಾಶಿಯ ರೂಪದಲ್ಲಿ ತುಸು ಬೇಗನೆಯೂ, ಹಣ್ಣಡಿಕೆಯನ್ನು ಅಂಗಳದಲ್ಲಿ ಒಂದೂವರೆ ತಿಂಗಳ ಕಾಲ ಬಿಸಿಲಿಗೆ ಹರವಿ ಚಾಲಿ ಮಾಡುವವರಿಗೆ ಬೇಸಗೆಯಲ್ಲಿಯೂ ಕೈಸೇರುವ ಆ ಒಂದು ಮೊತ್ತದಿಂದಲೇ ಮುಂದಿನ ಕೊಯ್ಲಿನವರೆಗಿನ ಸಮಸ್ತ ವ್ಯವಹಾರವೂ ಸಾಗಬೇಕು. ಆದುದರಿಂದ ಇಂಥ ಮನೆಯಲ್ಲಿ ವಸ್ತುವಿನ ಬೆಲೆ ಎಷ್ಟೆಂಬ ಪ್ರಶ್ನೆಗಿಂತಲೂ ಆ ಬೆಲೆಯನ್ನು ಎಂದು ತೆರಬೇಕೆಂಬ ಪ್ರಶ್ನೆಯೇ ಹಿರಿದೆಂದು ನಾನು ಬಹುಕಾಲದಿಂದ ನಂಬಿದ್ದೇನೆ. ಆ ನಂಬಿಕೆಯನ್ನು ಇಲ್ಲಿ ವಿಸ್ತರಿಸಲು ಪ್ರೇರಣೆಯಾದದ್ದು ಈ ಚಳಿಗಾಲದಲ್ಲಿ ನಮ್ಮ ಮನೆಯ ನಾಯಿಗಾಗಿ ನಾನು ಹೆಣೆದ ಒಂದು ಅಂಗಿ.

ಮಂಗಗಳ ಹಾವಳಿಯಿಂದ ತೋಟವನ್ನು ಕಾದು ಕಾದು ಮುದಿಯಾದ ಆ ಪ್ರಾಣಿಗೆ ಮಾರ್ಗಶಿರದ ಇಬ್ಬನಿ ಬೀಳತೊಡಗಿದೊಡನೆ ಸಂದುಗಳು ಬಿಗಿಯುತ್ತವೆ. ಮೈಯನ್ನು ಬೆಚ್ಚಗಿಡಬೇಕೆಂದು ಪಶುವೈದ್ಯರು ಹೇಳಿದರು. ಪೇಟೆಯಲ್ಲಿ ಸಿದ್ಧ ಅಂಗಿ 550 ರೂಪಾಯಿಗೆ ಇದ್ದಿತು. ನಾನು ಅದನ್ನು ಬಿಟ್ಟು, ಆರು ಉಂಡೆ ಅಪ್ಪಟ ಕುರಿಯುಣ್ಣೆಯ ನೂಲನ್ನು, ಉಂಡೆಗೆ 180ರಂತೆ, 1,080 ರೂಪಾಯಿ ಕೊಟ್ಟು ತರಿಸಿದೆನು. ನಾಯಿಗೆ ಇಷ್ಟು ವೆಚ್ಚವೇ ಎಂದು ಅತ್ತೆಯವರು ಕೇಳಿದರು. ಅದು ಕೇಳತಕ್ಕ ಪ್ರಶ್ನೆಯೇ ಆದುದರಿಂದ ಉತ್ತರವನ್ನೂ ಸಾವಧಾನವಾಗಿ ಕೊಡಬೇಕು.

ಅಂಗಡಿಗಳಲ್ಲಿ ಉಲ್ಲನ್ ಎಂಬ ಹೆಸರಿನಿಂದ ಮಾರುವ ನೂಲಿನಲ್ಲಿ ಬಹುಪಾಲು ಅಕ್ರಿಲಿಕ್. ಬಣ್ಣ ಚೆಂದ, ಬೆಲೆ ಕಡಿಮೆ, ತೊಳೆಯುವುದೂ ಸುಲಭ. ಮಗುವಿನ ಟೊಪ್ಪಿಗೆಗೆ, ಬಾಗಿಲ ತೋರಣಕ್ಕೆ ಅದು ಸಾಕು. ಆದರೆ ನಮ್ಮ ನಾಯಿ ಮಲಗುವುದು ಬಚ್ಚಲೊಲೆಯ ಬೂದಿಯ ಮಗ್ಗುಲಲ್ಲಿ. ಕಿಡಿ ತಾಗಿದರೆ ಅಕ್ರಿಲಿಕ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಉಣ್ಣೆಯಾದರೋ ಸುಲಭವಾಗಿ ಹೊತ್ತಿಕೊಳ್ಳದು, ತಾಗಿದಲ್ಲಿ ಕರಿಕಾಗಿ ನಿಲ್ಲುತ್ತದೆ. ಅದಲ್ಲದೆ ಉಣ್ಣೆಯು ತನ್ನ ತೂಕದ ಸುಮಾರು ಮೂರನೆಯ ಒಂದಂಶದಷ್ಟು ತೇವವನ್ನು ಹೀರಿಯೂ ಒದ್ದೆಯೆನಿಸದು. ಬೆಳಗಿನ ಮಂಜಿನಲ್ಲಿ ತೋಟಕ್ಕಿಳಿದು ಬರುವ ನಾಯಿಗೆ ಇದಕ್ಕಿಂತ ಮಿಗಿಲಾದ ಗುಣ ಯಾವುದು? ಕ್ರೋಶಾ ಹೆಣಿಗೆಗೆ ಎರಡು ಕಡ್ಡಿಯ ಹೆಣಿಗೆಗಿಂತ ಹೆಚ್ಚು ನೂಲು ಬೇಕೆಂಬುದು ನಿಜ. ಆದರೆ ಅದರಲ್ಲಿ ಒಂದು ಹೊತ್ತಿಗೆ ಕೊಕ್ಕೆಯ ಮೇಲೆ ಒಂದೇ ಕುಣಿಕೆ ಇರುವುದರಿಂದ ಅಳತೆ ತಪ್ಪಿದರೆ ತಪ್ಪಿದಷ್ಟನ್ನೇ ಬಿಚ್ಚಬಹುದು, ಎದೆಯ ಬಳಿ ಸಡಿಲವಾದರೆ ಅಲ್ಲಿಯೇ ಒಂದು ಸಾಲನ್ನು ಕಡಿಮೆ ಮಾಡಬಹುದು, ನಾಯಿಯ ಕಾಲ ಮುಗಿದ ಮೇಲೆ ಪೂರ್ತಿ ಬಿಚ್ಚಿ ತೊಳೆದು ಸುತ್ತಿ ಮತ್ತೊಂದಕ್ಕೆ ಬಳಸಬಹುದು. ಯಲ್ಲಾಪುರ, ಹಳಿಯಾಳಗಳ ಕಾಡಂಚಿನಲ್ಲಿ ಸಿದ್ದಿ ಸ್ತ್ರೀಯರು ಹಳೆಯ ಸೀರೆ ಅಂಗಿಗಳ ತುಂಡುಗಳನ್ನು ಜೋಡಿಸಿ ಹೊಲಿಯುವ ಕೌದಿಗಳನ್ನು ಕಂಡವರು, ಬಟ್ಟೆಯ ಆಯುಷ್ಯವು ಅದರ ಮೊದಲ ರೂಪದೊಡನೆ ಮುಗಿಯುವುದಿಲ್ಲವೆಂಬುದನ್ನು ಬಲ್ಲರು. ಸಿದ್ಧ ಅಂಗಿಯು ಹರಿದರೆ ಅದರ 550 ರೂಪಾಯಿಯೂ ಅದರೊಡನೆಯೇ ಹೋಯಿತು. ನನ್ನ 1,080 ರೂಪಾಯಿ ಮುಗಿದ ಲೆಕ್ಕ. ಅದರ ಬೆನ್ನಿಗೆ ಬಾಕಿ ಎಂಬುದಿಲ್ಲ.

ಬಾಕಿಯ ಮಾತು ಬಂದದ್ದು ಏಕೆಂದರೆ, ಅದೇ ವಾರದಲ್ಲಿ ಅತ್ತೆಯವರ ಕೋಣೆಗೆಂದು ಎಣ್ಣೆ ತುಂಬಿದ ಹೀಟರೊಂದನ್ನು ಬಡ್ಡಿಯಿಲ್ಲದ ಕಂತಿನಲ್ಲಿ ತರುವ ಪ್ರಸ್ತಾಪವು ಮನೆಯಲ್ಲಿ ಎದ್ದಿತು. ಬೆಲೆ 9,000 ರೂಪಾಯಿ, ತಿಂಗಳಿಗೆ 1,500ರಂತೆ ಆರು ಕಂತು, ಬಡ್ಡಿ ಸೊನ್ನೆ. ನಾನು ಕಾಗದ ಹಿಡಿದು ಕುಳಿತೆನು. ಓದುಗರೂ ದಯವಿಟ್ಟು ಕುಳಿತುಕೊಳ್ಳಬೇಕು. ನಗದು ಕೊಡುವವರಿಗೆ ಅದೇ ಹೀಟರು 8,400ಕ್ಕೆ ದೊರೆಯುತ್ತಿದ್ದಿತು. ಕಂತಿನವರು ಮಾತ್ರ ಆ ರಿಯಾಯಿತಿಯನ್ನು ಬಿಟ್ಟು, ಪ್ರೊಸೆಸಿಂಗ್ ಶುಲ್ಕವೆಂದು ತೆರಿಗೆ ಸಹಿತ 250 ರೂಪಾಯಿಯನ್ನು ಮೊದಲೇ ಕಟ್ಟಬೇಕು. ಅಂದಮೇಲೆ ನಮಗೆ ವಾಸ್ತವವಾಗಿ ದೊರೆಯುವ ಸಾಲ 8,400ರಲ್ಲಿ 250 ಕಳೆದ 8,150, ತೀರಿಸತಕ್ಕದ್ದು 9,000, ನಡುವಣ 850 ರೂಪಾಯಿಯೇ ಬಡ್ಡಿ. ಇದು ನೂರಕ್ಕೆ ಹತ್ತು ಚಿಲ್ಲರೆಯಷ್ಟೇ ಎಂದು ಸಮಾಧಾನಗೊಳ್ಳುವಂತಿಲ್ಲ, ಏಕೆಂದರೆ ಆ 8,150 ಆರು ತಿಂಗಳೂ ನಮ್ಮಲ್ಲಿ ಪೂರ್ತಿಯಾಗಿ ಇರುವುದಿಲ್ಲ. ಅಸಲು ಮೊದಲ ತಿಂಗಳು ಇಡಿಯಾಗಿ, ಎರಡನೆಯ ತಿಂಗಳು ಆರರಲ್ಲಿ ಐದು ಪಾಲು, ಮೂರನೆಯದರಲ್ಲಿ ನಾಲ್ಕು ಪಾಲು, ಹೀಗೆ ಕರಗುತ್ತ ಕೊನೆಯ ತಿಂಗಳಿಗೆ ಆರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಇವೆಲ್ಲವನ್ನೂ ಕೂಡಿದರೆ 8,150 ರೂಪಾಯಿಯನ್ನು ಮೂರೂವರೆ ತಿಂಗಳು ಇಟ್ಟುಕೊಂಡಂತೆ. ಎಂದರೆ 28,525 ರೂಪಾಯಿಯನ್ನು ಒಂದು ತಿಂಗಳು ಬಳಸಿದಂತೆ. ಅದಕ್ಕೆ 850 ರೂಪಾಯಿ ಎಂದರೆ ನೂರಕ್ಕೆ ತಿಂಗಳಿಗೆ ಹತ್ತಿರ ಹತ್ತಿರ ಮೂರು ರೂಪಾಯಿ ಬಡ್ಡಿ. ವರ್ಷಕ್ಕೆ ಶೇಕಡಾ 35ರ ಆಸುಪಾಸು.

ಮೂರು ರೂಪಾಯಿ ಬಡ್ಡಿಗೆ ಊರಿನ ಲೇವಾದೇವಿದಾರನು ಸಾಲ ಕೊಟ್ಟರೆ ಅವನನ್ನು ಬಾಯ್ತುಂಬ ಶಪಿಸುವ ನಾವು, ಹವಾನಿಯಂತ್ರಿತ ಅಂಗಡಿಯಲ್ಲಿ ಅದೇ ಬಡ್ಡಿಯನ್ನು ಸೊನ್ನೆಯೆಂದು ಕರೆದರೆ ಸಂತೋಷದಿಂದ ಸಹಿ ಮಾಡುತ್ತೇವೆ. ಇದನ್ನು ಕಂಡಾಗ ನನಗೆ ತಾಳ್ಮೆ ಉಳಿಯುವುದಿಲ್ಲ. ಶೂನ್ಯ ಬಡ್ಡಿಯೆಂಬುದು ವಸ್ತುತಃ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿದೆ. 2024ರ ಅಕ್ಟೋಬರಿನಿಂದೀಚೆಗೆ ಬ್ಯಾಂಕುಗಳೂ ಹಣಕಾಸು ಸಂಸ್ಥೆಗಳೂ ಚಿಲ್ಲರೆ ಸಾಲ ಪಡೆಯುವವರ ಕೈಗೆ ಕೆಎಫ್‌ಎಸ್ ಎಂಬ, ಸಾಲದ ಮುಖ್ಯಾಂಶಗಳನ್ನು ತಿಳಿಸುವ ಪತ್ರವನ್ನು ಕೊಡಲೇಬೇಕು, ಅದರಲ್ಲಿ ಶುಲ್ಕಗಳನ್ನೆಲ್ಲ ಸೇರಿಸಿದ ವಾರ್ಷಿಕ ದರವನ್ನು ನಮೂದಿಸಲೇಬೇಕು. ಅದನ್ನು ಕೇಳಿ ಪಡೆದು, ಓದಿ, ಆಮೇಲೆ ಸಹಿ ಮಾಡುವುದು ನಮ್ಮ ಹಕ್ಕು. ಅಷ್ಟೇ ಅಲ್ಲ, ಕರ್ತವ್ಯವೂ ಹೌದು. ಸೊನ್ನೆ ಬಡ್ಡಿ ನಿಜವಾಗಿ ಇರುವುದು ನಮ್ಮ ಸೇವಾ ಸಹಕಾರಿ ಸಂಘಗಳ ಬೆಳೆಸಾಲದಲ್ಲಿ. ಅಲ್ಲಿ ಬಡ್ಡಿ ಮಾಯವಾಗಿಲ್ಲ, ನಮ್ಮ ಪರವಾಗಿ ಸರಕಾರವು ಅದನ್ನು ಭರಿಸುತ್ತದೆ. 2023ರಲ್ಲಿ ಆ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ದೂ ಉಂಟು. ಅದಕ್ಕಿಂತ ಮುಖ್ಯವಾದುದೆಂದರೆ, ಬೆಳೆಸಾಲವು ಬೆಳೆಯ ಕಾಲವನ್ನು ನೋಡಿ ತೀರುತ್ತದೆ. ಹೀಟರಿನ ಕಂತಿಗೆ ಅಡಿಕೆ ಒಣಗಿದೆಯೋ ಇಲ್ಲವೋ ಎಂಬ ವಿಚಾರವೇ ಇಲ್ಲ. ಪ್ರತಿ ತಿಂಗಳ ಐದನೆಯ ತಾರೀಕಿಗೆ ಅದು ಖಾತೆಯಿಂದ ತಾನಾಗಿ ಕಡಿತವಾಗುತ್ತದೆ, ಖಾತೆ ಬರಿದಾಗಿದ್ದರೆ ದಂಡವನ್ನೂ ಎಳೆಯುತ್ತದೆ.

ವಿದ್ಯುತ್ತಿನ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. 2,000 ವಾಟಿನ ಹೀಟರು ದಿನಕ್ಕೆ ನಾಲ್ಕು ತಾಸು ನಿಲ್ಲದೆ ಉರಿದರೆ 8 ಯೂನಿಟ್, ತಿಂಗಳಿಗೆ 240. ಗೃಹಜ್ಯೋತಿ ಯೋಜನೆಯ ಉಚಿತ ವಿದ್ಯುತ್ತಿಗಿರುವ 200 ಯೂನಿಟ್ಟಿನ ಗೆರೆಯನ್ನು ಅದೊಂದೇ ದಾಟಿಸಿ ಇಡಿಯ ಬಿಲ್ಲನ್ನೂ ತಲೆಯ ಮೇಲೆ ಹೊರಿಸುತ್ತದೆ. ಹಂಚಿನ ಸಂದುಗಳಿಂದ ಗಾಳಿಯಾಡುವ ನಮ್ಮ ಮಾಡಿನ ಕೆಳಗೆ ಆ ಶಾಖವು ನಿಲ್ಲುವುದೂ ಇಲ್ಲ. ಅತ್ತೆಯವರಿಗೆ ಒಳ್ಳೆಯ ಕರಿಕಂಬಳಿಯೊಂದನ್ನು ನಗದು ಕೊಟ್ಟು ತಂದೆವು. ಆ ಚರ್ಚೆ ಅಲ್ಲಿಗೆ ಮುಗಿಯಿತು.

ಚಳಿಯನ್ನು ಒಳಗಿನಿಂದ ಎದುರಿಸುವ ಉಪಾಯವನ್ನಾದರೋ ನಮ್ಮ ಅಡುಗೆಮನೆಗಳು ಬಹುಹಿಂದೆಯೇ ಕಂಡುಕೊಂಡಿವೆ, ಮತ್ತು ಅದರ ವೆಚ್ಚ ಅತ್ಯಲ್ಪ. ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆ ಸಂಜೆಯೆಲ್ಲ ಉರಿದು ರಾತ್ರಿಗೆ ಕೆಂಡವನ್ನು ಉಳಿಸುತ್ತದೆ. ಆ ಕೆಂಡದ ಮೇಲೆ ನೆನೆಸಿದ ಹುರುಳಿಯ ಪಾತ್ರೆಯನ್ನು ಮುಚ್ಚಿಟ್ಟರೆ ಬೆಳಗಾಗುವುದರೊಳಗೆ ಕಾಳು ಬೆಂದಿರುತ್ತದೆ, ಗ್ಯಾಸಿನ ಸಿಲಿಂಡರಿಗೆ ಕೈಹಚ್ಚುವ ಅಗತ್ಯವೇ ಇಲ್ಲ. ಬಸಿದ ಕಟ್ಟಿಗೆ ಮುರುಗಲು ಸಿಪ್ಪೆ, ಚೂರು ಬೆಲ್ಲ, ತೋಟದ್ದೇ ಕಾಳುಮೆಣಸು ಹಾಕಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಸಾರು. ಉಳಿದ ಕಾಳು ಪಲ್ಯ. ಕಿಲೋ ಹುರುಳಿಗೆ ನಮ್ಮಲ್ಲಿ ನೂರು ರೂಪಾಯಿಯೊಳಗೇ ಬೆಲೆ, ಒಂದು ಕಿಲೋ ಐದಾರು ಜನರ ಮನೆಗೆ ಹಲವು ಊಟಕ್ಕೆ ಒದಗುತ್ತದೆ. ಉಪ್ಪು ಒಗ್ಗರಣೆಗಳಿಗೆ ಮೊದಲೇ ಒಂದು ಸೌಟು ಕಾಳನ್ನು ತೆಗೆದಿಟ್ಟು ಅನ್ನದೊಡನೆ ಮಿದ್ದು ನಾಯಿಗೆ ಹಾಕಬೇಕು. ಈರುಳ್ಳಿ ಬೆಳ್ಳುಳ್ಳಿಗಳು ಅದಕ್ಕೆ ವಿಷವೆಂಬುದನ್ನು ಮರೆಯಬಾರದು. ಸಂಜೆಗೆ ಕೊತ್ತಂಬರಿ ಜೀರಿಗೆಯ ಕಷಾಯ, ಊಟಕ್ಕೆ ಶುಂಠಿಯ ತಂಬುಳಿ, ಮಳೆಗಾಲಕ್ಕೆ ಮೊದಲೇ ಒಣಗಿಸಿದ ಹಲಸಿನ ಹಪ್ಪಳ. ಇವನ್ನು ಮಾಡಬಲ್ಲ ಮನೆಯವರೇ ಶಿರಸಿಯ ಪೇಟೆಗೆ ಹೋದಾಗಲೆಲ್ಲ ಪೊಟ್ಟಣದ ಸೂಪುಗಳನ್ನು ಚೀಲ ತುಂಬ ತರುವುದನ್ನು ನೋಡಿದಾಗ ನನಗೆ ದುಃಖವಾಗುತ್ತದೆ. ಹೊಸದಾಗಿ ಸಂಸಾರ ಹೂಡಿದ ಮಕ್ಕಳು ಉಳಿತಾಯದ ಯೋಜನೆಗಳನ್ನು ಹುಡುಕುವುದಕ್ಕೆ ಮುನ್ನ, ಸುಗ್ಗಿಯ ಹಣ ಬಂದ ವಾರದಲ್ಲಿಯೇ ವರ್ಷದ ಧಾನ್ಯವನ್ನು ಒಟ್ಟಿಗೆ ಕೊಂಡು ಡಬ್ಬಿಗಳನ್ನು ತುಂಬಿಸುವ ಅಭ್ಯಾಸ ಮಾಡಿಕೊಳ್ಳಲಿ. ತಿಂಗಳ ವೆಚ್ಚ ಎಷ್ಟು ಕಿರಿದಾಗುತ್ತದೆಂಬುದು ಅವರಿಗೇ ತಿಳಿಯುತ್ತದೆ.

ತೋಟಿಗರ ಮಾರಾಟ ಸಂಘವು 1923ರಲ್ಲಿ ಶಿರಸಿಯಲ್ಲಿ ಹುಟ್ಟಿದ್ದು ಬೆಳೆಗಾರನಿಗೆ ತನ್ನ ಅಡಿಕೆಯ ವ್ಯಾಪಾರದಲ್ಲಿ ನೆಲೆ ದೊರೆಯಲೆಂದು. ಆದರೆ ತಿಂಗಳ ಕಂತುಗಳನ್ನು ಕೊರಳಿಗೆ ಕಟ್ಟಿಕೊಂಡವನು ದರ ಏರಲೆಂದು ಕಾಯುವುದೆಂತು? ನಮ್ಮ ಮನೆಯವರು ಈ ಸಲ ಚಾಲಿಯನ್ನು ಜ್ಯೇಷ್ಠದವರೆಗೆ ಅಟ್ಟದಲ್ಲಿಯೇ ಇಟ್ಟು ದರ ನೋಡಿ ಕೊಡುವ ಯೋಚನೆಯಲ್ಲಿದ್ದಾರೆ. ಫೆಬ್ರುವರಿಯ ಐದನೆಯ ತಾರೀಕಿಗೆಂದು ಒಂದು ಚೀಲವನ್ನೂ ಕೆಳಗಿಳಿಸಬೇಕಾದ ಪ್ರಮೇಯ ಅವರಿಗಿಲ್ಲ.