ಚಾಟಿ ಬೇಡವೆಂದ ನಾವಿಕ

ತಪ್ಪು ಮಾಡಿದವರಿಗೆ ಹೊಡೆದರೆ ಬುದ್ಧಿ ಬರುತ್ತದೆಯೇ? ‘ದಂಡಂ ದಶಗುಣಂ’ ಅನ್ನೋರು ನಮ್ಮಲ್ಲೂ ಇದ್ದಾರೆ. ಈ ಮಾತನ್ನು ಒಪ್ಪದ ಒಬ್ಬರ ಕತೆ ಓದೋಣ ಬನ್ನಿ.

ಅವರ ಹೆಸರು ಯುರಾಯಾ ಲೆವಿ. ಊರು ಅಮೆರಿಕಾ ದೇಶದ ಫಿಲಡೆಲ್ಫಿಯಾ. ಹುಟ್ಟಿದ್ದು 1792ರಲ್ಲಿ. ಅವರು ಯಹೂದಿ ಧರ್ಮದವರು.

ಲೆವಿ ಹತ್ತು ವರ್ಷದವರಿದ್ದಾಗಲೇ ಮನೆ ಬಿಟ್ಟು ಹಡಗು ಹತ್ತಿದರು. ಚಿಲ್ಲರೆ ಕೆಲಸ ಮಾಡುತ್ತಾ ಹಡಗು ನಡೆಸುವುದನ್ನು ಕಲಿತರು. 1812ರಲ್ಲಿ ಅಮೆರಿಕಾಕ್ಕೂ ಬ್ರಿಟನ್ನಿಗೂ ಯುದ್ಧವಾಯಿತು. ಲೆವಿ ನೌಕಾಪಡೆ ಸೇರಿದರು. ಶತ್ರುಗಳ ಕೈಗೆ ಸಿಕ್ಕಿಬಿದ್ದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಇಂಗ್ಲೆಂಡಿನ ಜೈಲಿನಲ್ಲಿದ್ದರು. ಬಿಡುಗಡೆಯಾಗಿ ಬಂದು 1817ರಲ್ಲಿ ಅಧಿಕಾರಿಯಾದರು.

ಆದರೆ ನೆಮ್ಮದಿ ಸಿಗಲಿಲ್ಲ. ‘ಇವನು ಯಹೂದಿ’ ಎಂದು ಕೆಲವು ಅಧಿಕಾರಿಗಳು ಹೀಯಾಳಿಸಿದರು. ಲೆವಿಯವರಿಗೂ ಸಿಟ್ಟು ಜಾಸ್ತಿ. ಜಗಳಗಳಾದವು. ಆರು ಸಲ ಅವರ ಮೇಲೆ ವಿಚಾರಣೆ ನಡೆಯಿತು.

ಆಗ ಹಡಗುಗಳಲ್ಲಿ ಒಂದು ಕ್ರೂರ ಪದ್ಧತಿ ಇತ್ತು. ತಪ್ಪು ಮಾಡಿದ ನಾವಿಕನ ಅಂಗಿ ಬಿಚ್ಚಿಸಿ ಕಟ್ಟಿಹಾಕುತ್ತಿದ್ದರು. ಬರೀ ಬೆನ್ನಿಗೆ ಚಾಟಿಯಿಂದ ಹೊಡೆಯುತ್ತಿದ್ದರು. ಹಡಗಿನ ಕ್ಯಾಪ್ಟನ್ ತಾನೊಬ್ಬನೇ ಹನ್ನೆರಡು ಏಟಿನವರೆಗೆ ಆಜ್ಞೆ ಮಾಡಬಹುದಿತ್ತು. ಬೆನ್ನು ಕಿತ್ತು ರಕ್ತ ಸುರಿಯುತ್ತಿತ್ತು. ಉಳಿದವರೆಲ್ಲ ನಿಂತು ನೋಡಬೇಕಿತ್ತು.

ಮುಂದೆ ವ್ಯಾಂಡೇಲಿಯಾ ಎಂಬ ಹಡಗು ಲೆವಿಯವರ ಕೈಗೆ ಬಂತು. ‘ಇಲ್ಲಿ ಚಾಟಿ ಬೇಡ’ ಎಂದು ಅವರು ತೀರ್ಮಾನಿಸಿದರು. ಒಮ್ಮೆ ಒಬ್ಬ ಹುಡುಗ ಒಬ್ಬ ಅಧಿಕಾರಿಯನ್ನು ಅಣಕಿಸಿದ. ಲೆವಿ ಅವನಿಗೆ ಹೊಡೆಸಲಿಲ್ಲ. ಅವನ ಹಿಂಭಾಗಕ್ಕೆ ಚೂರು ಟಾರು ಹಚ್ಚಿಸಿ ಗಿಳಿಯ ಗರಿ ಅಂಟಿಸಿದರು. ಇದೂ ಅವಮಾನವೇ. ಆದರೆ ಬೆನ್ನು ಹರಿಯಲಿಲ್ಲ.

ಇದಕ್ಕಾಗಿ 1842ರಲ್ಲಿ ಲೆವಿಯವರ ವಿಚಾರಣೆ ನಡೆಯಿತು. ಕೆಲಸದಿಂದ ತೆಗೆಯಬೇಕೆಂದು ತೀರ್ಪಾಯಿತು. ನೋಡಿ, ಚಾಟಿ ಏಟು ತಪ್ಪಲ್ಲ, ಗಿಳಿಯ ಗರಿ ತಪ್ಪು! ಅಧ್ಯಕ್ಷ ಜಾನ್ ಟೈಲರ್ ಶಿಕ್ಷೆಯನ್ನು ಒಂದು ವರ್ಷದ ಅಮಾನತಿಗೆ ಇಳಿಸಿದರು.

ಲೆವಿ ಸುಮ್ಮನಾಗಲಿಲ್ಲ. ಚಾಟಿಯ ವಿರುದ್ಧ ಬರೆದರು. ಇನ್ನೂ ಅನೇಕರು ದನಿಗೂಡಿಸಿದರು. 1850ರಲ್ಲಿ ಅಮೆರಿಕಾದ ಸಂಸತ್ತು ನೌಕಾಪಡೆಯಲ್ಲಿ ಚಾಟಿ ಏಟನ್ನು ನಿಲ್ಲಿಸಿತು.

1855ರಲ್ಲಿ ಲೆವಿಯವರನ್ನು ಮತ್ತೆ ಹೊರಹಾಕಿದರು. ಅವರು ನ್ಯಾಯ ಕೇಳಿದರು, ಗೆದ್ದು ಕೆಲಸಕ್ಕೆ ಮರಳಿದರು. 1860ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿದ್ದ ಹಡಗುಗಳ ತಂಡಕ್ಕೇ ಮುಖ್ಯಸ್ಥರಾದರು. 1862ರಲ್ಲಿ ತೀರಿಕೊಂಡರು.

ಒಂದು ಮಾತು ಮರೆಯಬಾರದು. ಲೆವಿಯವರ ಜಮೀನಿನಲ್ಲಿ ಗುಲಾಮರು ದುಡಿಯುತ್ತಿದ್ದರು. ನಾವಿಕರ ನೋವನ್ನು ಕಂಡವರು ಗುಲಾಮರನ್ನು ಇಟ್ಟುಕೊಂಡಿದ್ದರು. ದೊಡ್ಡವರಲ್ಲೂ ಕೊರತೆ ಇರುತ್ತದೆ. ಆದರೂ ಅವರು ಮಾಡಿದ ಒಳ್ಳೆ ಕೆಲಸ ಉಳಿಯಿತು.

ಪದಗಳ ಅರ್ಥ
ನಾವಿಕ – ಹಡಗಿನಲ್ಲಿ ದುಡಿಯುವವನು
ನೌಕಾಪಡೆ – ಸಮುದ್ರದ ಮೇಲಿನ ಸೈನ್ಯ
ಅಮಾನತು – ಕೆಲಸದಿಂದ ಕೆಲವು ಕಾಲ ದೂರ ಇಡುವುದು

ಓದಿ ಉತ್ತರ ಬರೆಯಿರಿ
1. ಲೆವಿ ಯಾವ ವಯಸ್ಸಿನಲ್ಲಿ ಹಡಗು ಹತ್ತಿದರು?
2. ಚಾಟಿ ಏಟು ನಿಂತದ್ದು ಯಾವ ವರ್ಷ?

ಕೂಡಿ ಮಾತಾಡಿ
ಮನೆಯಲ್ಲಿ ಮಕ್ಕಳು ತಪ್ಪು ಮಾಡಿದರೆ ನೀವು ಏನು ಮಾಡುತ್ತೀರಿ? ಹೊಡೆಯದೆ ತಿದ್ದುವುದು ಹೇಗೆ?