ವಯಸ್ಸಾದ ಬೆಕ್ಕಿಗೆ ಮೊಸರನ್ನದ ಪಥ್ಯ ಬೇಡ

ಪ್ರಶ್ನೆ: ಡಾಕ್ಟ್ರೇ, ನಮ್ಮ ಬೆಕ್ಕು ಕೆಂಚಿಗೆ 13 ವರ್ಷ. ಬೂತಾಯಿ, ಬಂಗುಡೆ ತಿಂದೇ ಬೆಳೆದದ್ದು. ಮೂರು ತಿಂಗಳಿಂದ ವಾರಕ್ಕೆ ಎರಡು ಸಲವಾದರೂ ವಾಂತಿ, ನಡುನಡುವೆ ಭೇದಿ. ವಯಸ್ಸಾಯಿತು, ಮೀನು ಅರಗುತ್ತಿಲ್ಲ ಎಂದು ನಮ್ಮತ್ತೆ ಮೀನು ನಿಲ್ಲಿಸಿ ಹಾಲನ್ನ, ಮೊಸರನ್ನ ಹಾಕುತ್ತಿದ್ದಾರೆ. ಭೇದಿ ಇನ್ನೂ ಹೆಚ್ಚಾಗಿದೆ. ಹಸಿವೇನೋ ಮೊದಲಿಗಿಂತ ಜಾಸ್ತಿ, ರಾತ್ರಿಯೆಲ್ಲ ಕೂಗುತ್ತದೆ. ಆದರೂ ಮೈ ಇಳಿಯುತ್ತಿದೆ. ಏನು ಕೊಡಬೇಕು?
– ಓದುಗರು, ಕುಂದಾಪುರ

ಉತ್ತರ: ಏನು ಕೊಡಬೇಕೆನ್ನುವುದು ಆಮೇಲಿನ ಮಾತು. ಚೆನ್ನಾಗಿ ತಿನ್ನುತ್ತಲೇ ಸೊರಗುವ ಬೆಕ್ಕಿಗೆ ಮೊದಲು ಬೇಕಾದದ್ದು ರಕ್ತಪರೀಕ್ಷೆ. ಹತ್ತು ದಾಟಿದ ಬೆಕ್ಕಿನಲ್ಲಿ ಹೀಗಾದರೆ ನಮ್ಮ ಅನುಮಾನ ಥೈರಾಯ್ಡ್ ಕಡೆಗೆ ಹೋಗುತ್ತದೆ. ಕತ್ತಿನಲ್ಲಿರುವ ಆ ಗ್ರಂಥಿ ದಪ್ಪಗಾಗಿ ಹಾರ್ಮೋನನ್ನು ಅತಿಯಾಗಿ ಸುರಿಸಿದರೆ ಒಲೆಯ ಉರಿ ಹೆಚ್ಚಿದಂತೆ, ಎಷ್ಟು ಸೌದೆ ಹಾಕಿದರೂ ಸಾಲದು. ವಾಂತಿ, ಭೇದಿ, ಚಡಪಡಿಕೆ, ರಾತ್ರಿಯ ಕೂಗು ಎಲ್ಲವೂ ಇದರಲ್ಲಿ ಬರುತ್ತವೆ. ಬೆಕ್ಕುಗಳಲ್ಲಿ ಈ ಕಾಯಿಲೆಯನ್ನು ವೈದ್ಯರು ವಿವರಿಸಿದ್ದೇ 1979ರಲ್ಲಿ. ಅದಕ್ಕೂ ಮುಂಚೆ ಇಂಥ ಎಷ್ಟು ಬೆಕ್ಕುಗಳು ಬರೀ ಮುಪ್ಪಿನ ಲೆಕ್ಕಕ್ಕೆ ಸೇರಿಹೋದವೋ! ದಿನವೂ ಮಾತ್ರೆ ಕೊಟ್ಟು ಹತೋಟಿಯಲ್ಲಿಡಬಹುದಾದ ಕಾಯಿಲೆ ಇದು. ಥೈರಾಯ್ಡ್ ಹಾರ್ಮೋನಾದ ಟಿ4 ಜೊತೆಗೆ ಸಕ್ಕರೆ, ಕಿಡ್ನಿಗಾಗಿ ಕ್ರಿಯಾಟಿನಿನ್, ಮೂತ್ರ, ಜಂತುಹುಳುವಿಗಾಗಿ ಮಲ, ಇವನ್ನೂ ಪರೀಕ್ಷೆ ಮಾಡಿಸಿ. ಎಲ್ಲವೂ ಸರಿಯಿದ್ದರೆ ಕರುಳಿನ ಬಹುಕಾಲದ ಉರಿಯೂತವೋ, ನಿಧಾನವಾಗಿ ಬೆಳೆಯುವ ಗಡ್ಡೆಯೋ ಎಂದು ಸ್ಕ್ಯಾನ್ ಮಾಡಿ ನೋಡಬೇಕಾಗುತ್ತದೆ.

‘ಬೆಕ್ಕು ವಾಂತಿ ಮಾಡುವುದು ಇದ್ದದ್ದೇ, ಕೂದಲು ನುಂಗಿರುತ್ತದೆ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಎಂದೋ ಒಮ್ಮೆ ಕೂದಲುಂಡೆ ಕಕ್ಕುವುದು ಬೇರೆ, ವಾರವಾರವೂ ವಾಂತಿಯಾಗುವುದು ಬೇರೆ.

ಇನ್ನು ಊಟ. ನಿಮ್ಮತ್ತೆಯವರ ಅಕ್ಕರೆ ನನಗೆ ಅರ್ಥವಾಗುತ್ತದೆ. ನಮ್ಮ ಮನೆಗಳಲ್ಲಿ ಹಿರಿಯರ ಹೊಟ್ಟೆ ಕೆಟ್ಟರೆ ಮೊಸರನ್ನವೇ ಪಥ್ಯ. ಬೆಕ್ಕಿನ ಒಡಲು ಹಾಗಲ್ಲ. ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಮರಿಯಾಗಿದ್ದಾಗ ಇದ್ದಷ್ಟು ದೊಡ್ಡದಾದ ಮೇಲೆ ಇರುವುದಿಲ್ಲ. ಅರಗದೆ ಉಳಿದ ಸಕ್ಕರೆ ದೊಡ್ಡ ಕರುಳಿನಲ್ಲಿ ಹುದುಗಿ, ನೀರನ್ನು ಎಳೆದುಕೊಂಡು ಭೇದಿ ತರುತ್ತದೆ. ಮೊಸರಿನಲ್ಲಿ ಈ ತೊಂದರೆ ತುಸು ಕಡಿಮೆ, ಆದರೆ ಅನ್ನ ಕಲಸಿದ ಮೊಸರಿನಿಂದ ಬೆಕ್ಕಿನ ಹೊಟ್ಟೆ ತುಂಬೀತೇ ಹೊರತು ಮೈ ತುಂಬದು. ಬೆಕ್ಕಿನ ಲಿವರ್ ಹಗಲಿರುಳೂ ಪ್ರೋಟೀನನ್ನೇ ಉರುವಲಾಗಿ ಬಳಸುತ್ತದೆ. ಹೊರಗಿನಿಂದ ಬರುವುದು ಕಡಿಮೆಯಾದರೂ ಆ ಖರ್ಚು ತಗ್ಗುವುದಿಲ್ಲ. ಕೊರತೆಯನ್ನು ತನ್ನ ಮಾಂಸಖಂಡವನ್ನೇ ಕರಗಿಸಿ ತುಂಬಿಕೊಳ್ಳುತ್ತದೆ.

ಸುಮಾರು ಹತ್ತು ವರ್ಷದವರೆಗೆ ಬೆಕ್ಕಿಗೆ ಬೇಕಾಗುವ ಶಕ್ತಿ ಕಡಿಮೆಯಾಗುತ್ತ ಹೋಗುತ್ತದೆ, ಹನ್ನೆರಡರ ನಂತರ ಮತ್ತೆ ಏರುತ್ತದೆ. ಹನ್ನೆರಡು ದಾಟಿದ ಬೆಕ್ಕುಗಳಲ್ಲಿ ಸರಿಸುಮಾರು ಮೂರರಲ್ಲೊಂದಕ್ಕೆ ಕೊಬ್ಬು ಸರಿಯಾಗಿ ಅರಗುವುದಿಲ್ಲ. ಹದಿನಾಲ್ಕರ ಮೇಲೆ ಐದರಲ್ಲೊಂದಕ್ಕೆ ಪ್ರೋಟೀನೂ ಪೂರ್ತಿ ದಕ್ಕುವುದಿಲ್ಲ. ಹಾಗಾಗಿ ಮುದಿ ಬೆಕ್ಕಿಗೆ ಸುಲಭವಾಗಿ ಅರಗುವ ಮಾಂಸ ಇನ್ನೂ ಸ್ವಲ್ಪ ಹೆಚ್ಚೇ ಬೇಕು. ಕಿಡ್ನಿ ತೊಂದರೆ ಇದೆಯೆಂದು ಪರೀಕ್ಷೆಯಲ್ಲಿ ಗೊತ್ತಾದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಆಗ ರಂಜಕ ಕಡಿಮೆಯಿರುವ ಆಹಾರವನ್ನು ನಿಮ್ಮ ವೈದ್ಯರೇ ಸೂಚಿಸುತ್ತಾರೆ.

ಅಲ್ಲಿಯವರೆಗೆ ಹಾಲು ನಿಲ್ಲಿಸಿ, ಮೀನನ್ನು ಮತ್ತೆ ಶುರುಮಾಡಿ. ಉಪ್ಪು, ಖಾರ ಹಾಕದೆ ಬೇಯಿಸಿ, ಮುಳ್ಳು ಬಿಡಿಸಿ ಕೊಡಿ. ಸಾರಿನೊಳಗಿನ ಮೀನು ಬೇಡವೇ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನೇ ಒಡೆಯುತ್ತವೆ. ಕೆಲವು ಹಸಿ ಮೀನುಗಳಲ್ಲಿ ಬಿ1 ಜೀವಸತ್ವವನ್ನು ಹಾಳುಮಾಡುವ ಕಿಣ್ವವಿದೆ, ಬೇಯಿಸಿದರೆ ಅದು ನಾಶವಾಗುತ್ತದೆ. ಆದರೂ ಬರೀ ಮೀನು ಪೂರ್ಣ ಊಟವಲ್ಲ, ಬೆಕ್ಕಿಗೆಂದೇ ತಯಾರಾದ ಮೆತ್ತನೆಯ ಆಹಾರವೂ ಜೊತೆಗಿರಲಿ. ಹೊಸದನ್ನು ಏಳರಿಂದ ಹತ್ತು ದಿನದಲ್ಲಿ ಸ್ವಲ್ಪಸ್ವಲ್ಪವೇ ಹೆಚ್ಚಿಸಿ. ದಿನಕ್ಕೆ ನಾಲ್ಕೈದು ಬಾರಿ, ತುಸು ಬೆಚ್ಚಗೆ ಮಾಡಿ ಇಡಿ. ಮೂಗು ಮಂದವಾದ ಬೆಕ್ಕಿಗೆ ತಣ್ಣನೆಯ ಊಟದ ವಾಸನೆಯೇ ಹತ್ತುವುದಿಲ್ಲ.

ತಿಂಗಳಿಗೊಮ್ಮೆ ತೂಕ ನೋಡಿ. ಎಳೆ ಮಕ್ಕಳನ್ನು ತೂಗುವ ತಕ್ಕಡಿಯಾದರೆ ಒಳ್ಳೆಯದು. ನಾಲ್ಕು ಕಿಲೋ ಬೆಕ್ಕು 400 ಗ್ರಾಂ ಕಳೆದುಕೊಳ್ಳುವುದೆಂದರೆ ಅರವತ್ತು ಕಿಲೋ ಮನುಷ್ಯ ಆರು ಕಿಲೋ ಇಳಿದಂತೆ. ವಾಂತಿಯಲ್ಲೋ ಮಲದಲ್ಲೋ ರಕ್ತ ಕಂಡರೆ ಅಥವಾ ಒಂದು ಇಡೀ ದಿನ ಏನೂ ತಿನ್ನದಿದ್ದರೆ ಕಾಯಬೇಡಿ. ಉಪವಾಸ ಬೆಕ್ಕಿಗೆ ಆಗಿಬರುವುದಿಲ್ಲ. ಲಿವರಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ.

ಪ್ರಶ್ನೆ: 15 ವರ್ಷದ ಗಂಡು ಬೆಕ್ಕು, ಬರೀ ಡ್ರೈ ಫುಡ್ ತಿನ್ನುತ್ತದೆ. ಮೂರು ದಿನದಿಂದ ಮಲವಿಲ್ಲ, ಕೂತು ತಿಣುಕುತ್ತದೆ. ಮೆಡಿಕಲ್ ಶಾಪಿನ ಎನಿಮಾ ಕೊಡಬಹುದೇ?
– ಓದುಗರು, ಬೆಂಗಳೂರು

ಉತ್ತರ: ಖಂಡಿತ ಕೊಡಬೇಡಿ. ಅವುಗಳಲ್ಲಿ ಸಾಮಾನ್ಯವಾಗಿರುವ ಫಾಸ್ಫೇಟ್ ಬೆಕ್ಕಿನ ಜೀವಕ್ಕೇ ಕುತ್ತು. ಹರಳೆಣ್ಣೆಯನ್ನು ಬಾಯಿಗೆ ಸುರಿಯುವುದೂ ಬೇಡ, ಶ್ವಾಸಕೋಶಕ್ಕೆ ಇಳಿದೀತು. ಅದು ತಿಣುಕುತ್ತಿರುವುದು ಮಲಕ್ಕೋ ಮೂತ್ರಕ್ಕೋ ಎಂದು ಮೊದಲು ಗಮನಿಸಿ. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದ್ದರೆ ಅದು ತುರ್ತುಸ್ಥಿತಿ, ರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ಮಲವೇ ಕಟ್ಟಿದ್ದರೂ ಇವತ್ತೇ ತೋರಿಸಿ. ಮೈಯ ನೀರು ಆರಿದರೆ ಮಲ ಗಟ್ಟಿಯಾಗುತ್ತದೆ, ಈ ವಯಸ್ಸಿನಲ್ಲಿ ಅದಕ್ಕೆ ಹೆಚ್ಚಾಗಿ ಕಿಡ್ನಿಯೇ ಕಾರಣ. ಊಟವೂ ಮುಖ್ಯ: ಡ್ರೈ ಫುಡ್ಡಿನಲ್ಲಿ ನೀರು ನೂರಕ್ಕೆ ಹತ್ತರಷ್ಟಿದ್ದರೆ ಹೆಚ್ಚು, ಮೆತ್ತನೆಯದರಲ್ಲಿ ಮುಕ್ಕಾಲು ಪಾಲು ನೀರೇ. ಇನ್ನೊಂದು ಮಾತು: ಸೊಂಟ, ಮಂಡಿ ನೋಯುವ ಬೆಕ್ಕು ಎತ್ತರದ ಲಿಟರ್ ಬಾಕ್ಸ್ ಹತ್ತಲು ಹೆದರಿ ಮಲ ತಡೆದುಕೊಂಡಿರುತ್ತದೆ. ಅಂಚು ತಗ್ಗಾಗಿರುವ ಟ್ರೇ ಇಟ್ಟು ನೋಡಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಹನ್ನೊಂದು ವರ್ಷದಿಂದ ಹಾಲು, ತುಪ್ಪದನ್ನ ತಿಂದೇ ಗಟ್ಟಿಯಾಗಿದ್ದ ಬೆಕ್ಕು ಈಗ ಸೊರಗಿದೆ, ಹಲ್ಲೂ ಉದುರಿವೆ.
– ಓದುಗರು, ಶಿರಸಿ

ಉತ್ತರ: ತುಪ್ಪದನ್ನ ತಿಂದೇ ಗಟ್ಟಿಯಾಗಿತ್ತು ಎಂದಿರಿ, ಅಟ್ಟದ ಇಲಿಗಳು ಬೇರೆಯೇ ಕತೆ ಹೇಳಿಯಾವು! ನಿಮ್ಮ ಅಡುಗೆಮನೆಯಲ್ಲಿ ಸಿಗದ್ದನ್ನು ಅದು ಅಡಿಕೆ ತೋಟದಲ್ಲಿ ಬೇಟೆಯಾಡಿ ದಕ್ಕಿಸಿಕೊಳ್ಳುತ್ತಿತ್ತು. ಹಲ್ಲು ಹೋದ ಮೇಲೆ ಆ ದಾರಿ ಮುಚ್ಚಿದೆ. ಟಾರಿನ್ ಎಂಬ ಪೋಷಕಾಂಶವನ್ನು ಬೆಕ್ಕಿನ ಮೈ ಸಾಕಷ್ಟು ತಯಾರಿಸಿಕೊಳ್ಳಲಾರದು, ಅನ್ನ ಬೇಳೆಯಲ್ಲಿ ಅದಿಲ್ಲ. ಅದರ ಕೊರತೆಯಾದರೆ ಕಣ್ಣಿನ ಅಕ್ಷಿಪಟಲ ಕೆಡುತ್ತದೆ, ಹೃದಯದ ಸ್ನಾಯುವೂ ಸೋಲುತ್ತದೆ; ಹೃದಯದ ಈ ನಂಟು ವಿಜ್ಞಾನಿಗಳಿಗೆ ಖಚಿತವಾದದ್ದು 1987ರಲ್ಲಿ. ಮನೆಯೊಳಗೆ ಮಾಂಸ ಬೇಯಿಸಲಾಗದಿದ್ದರೆ ಪರವಾಗಿಲ್ಲ, ಬೆಕ್ಕಿನ ಆಹಾರದ ಪೌಚ್ ತಂದು ಹಿತ್ತಿಲಲ್ಲಿ ಬೇರೆ ತಟ್ಟೆಗೆ ಹಾಕಿ. ಪೊಟ್ಟಣದ ಮೇಲೆ ‘ಪೂರ್ಣ ಆಹಾರ’ ಎಂದಿರಲಿ, ತಿಂಡಿಯ ಪೊಟ್ಟಣದಲ್ಲಿ ಪೋಷಣೆ ಸಾಲದು. ಅಭ್ಯಾಸವಿಲ್ಲದ ಬೆಕ್ಕು ಮೂಸಿ ಹೋದರೆ ಹಟ ಮಾಡಬೇಡಿ. ತುಪ್ಪದನ್ನದಲ್ಲೇ ಒಂದು ಚಮಚ ಬೆರೆಸಿ, ಮೂರು ದಿನಕ್ಕೊಮ್ಮೆ ಅನ್ನ ಕಡಿಮೆ ಮಾಡುತ್ತ ಬನ್ನಿ. ಅದಕ್ಕೂ ಮೊದಲು ಬಾಯಿ ತೋರಿಸಿ. ಉಳಿದ ಹಲ್ಲಿನ ಬೇರು ಕೊಳೆತಿದ್ದರೆ ಯಾವ ಪೌಚ್ ತಂದರೂ ಅದು ತಿನ್ನದು.